ದೊತೊರ್ನ್ ಮುಗಿಯಿತು, ಪ್ರಶ್ನೆಗಳು ಮುಗಿಯಲಿಲ್ಲ

ಮುಂಬಯಿಯ ನಮ್ಮವರ ಕೆಥೋಲಿಕ್ ಮನೆಗಳಲ್ಲಿ ಧರ್ಮಶಿಕ್ಷಣ ಎಲ್ಲಿಗೆ ಬಂದು ನಿಂತಿದೆ?

ಜೂನ್ ತಿಂಗಳಲ್ಲಿ ಶಾಲೆಗಳು ಪುನರಾರಂಭಗೊಳ್ಳುತ್ತಿದ್ದಂತೆ ಮಹಾನಗರ ಮತ್ತು ಉಪನಗರಗಳ ಇಗರ್ಜಿಗಳಲ್ಲಿ ಇನ್ನೊಂದು ಶಾಲೆಯೂ ಬಾಗಿಲು ತೆರೆಯುತ್ತದೆ. ಅದು ಭಾನುವಾರದ ಧರ್ಮಶಿಕ್ಷಣದ ತರಗತಿ. ಕಲಿನಾ, ಕುರ್ಲಾ, ಜರಿಮರಿ, ಅಂಧೇರಿ, ಮಲಾಡ್‌ನ ಒರ್ಲೆಂ, ಬೊರಿವಲಿ, ಮೀರಾರೋಡ್, ಡೊಂಬಿವಲಿ, ಹೀಗೆ ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತ ಬಾಂಧವರು ನೆಲೆಸಿರುವ ಎಲ್ಲೆಡೆ ಬಲಿಪೂಜೆಯ ಮುಂಚೆಯೋ ಅನಂತರವೋ ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಕೂರಿಸಿ ಒಂದು ಗಂಟೆ ಪಾಠ ಹೇಳಲಾಗುತ್ತದೆ. ಹೇಳುವವರು ಬಹುತೇಕ ಸ್ವಯಂಸೇವಕರು, ಅವರಲ್ಲೂ ಗೃಹಿಣಿಯರು ಮತ್ತು ಕಾಲೇಜು ವಿದ್ಯಾರ್ಥಿಗಳೇ ಹೆಚ್ಚು. ಅವರಿಗೆ ಸಂಬಳವಿಲ್ಲ. ಮೆಚ್ಚುಗೆಯೂ ಅಷ್ಟಕ್ಕಷ್ಟೇ.

ಹೀಗಿದ್ದೂ ಇಗರ್ಜಿಯ ಅಂಗಳದಲ್ಲಿ, ವಾಡೆಯ ಸಭೆಗಳಲ್ಲಿ, ಮದುವೆಯ ಪಂಕ್ತಿಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: 'ನಮ್ಮ ಮಕ್ಕಳಿಗೆ ಧರ್ಮದ ಅರಿವೇ ಇಲ್ಲ.' ಅದರ ಬೆನ್ನಿಗೇ ಇನ್ನೊಂದು ಮಾತು: 'ಈಗಿನವರು ಇಗರ್ಜಿ ಹೇಳಿದ್ದನ್ನು ಒಪ್ಪುವುದಿಲ್ಲ.' ಈ ಎರಡು ದೂರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ನಮ್ಮಲ್ಲಿದೆ. ಆದರೆ ಅರಿಯದಿರುವುದು ಬೇರೆ, ಅರಿತು ಒಪ್ಪದಿರುವುದು ಬೇರೆ. ಈ ವ್ಯತ್ಯಾಸವನ್ನು ಗಮನಿಸದಿದ್ದರೆ ರೋಗ ಒಂದು, ಮದ್ದು ಇನ್ನೊಂದು ಎಂಬಂತಾದೀತು.

ಅಜ್ಜಿಯೇ ಮೊದಲ ಗುರು

ಧರ್ಮಶಿಕ್ಷಣಕ್ಕೆ ಕೊಂಕಣಿಯಲ್ಲಿ 'ದೊತೊರ್ನ್' ಎನ್ನುತ್ತಾರೆ. ಪೋರ್ಚುಗೀಸ್ ಭಾಷೆಯ ದೌತ್ರಿನ ಎಂಬ ಪದದಿಂದ ಬಂದದ್ದಿದು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸ್ವಿತ್ ಧರ್ಮಗುರು ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಬರೆದ 'ದೌತ್ರಿನ ಕ್ರಿಸ್ತಾಂ' ಅವರ ಮರಣದ ಅನಂತರ, 1622ರಲ್ಲಿ ರಾಚೋಲ್‌ನಲ್ಲಿ ಅಚ್ಚಾಯಿತು. ಗುರು ಶಿಷ್ಯರ ಪ್ರಶ್ನೋತ್ತರದ ಆ ಪುಸ್ತಕ ಕೊಂಕಣಿಯಲ್ಲಿ ಅಚ್ಚಾದ ಅತ್ಯಂತ ಹಳೆಯ ಪುಸ್ತಕಗಳಲ್ಲಿ ಒಂದು. ಅಂದರೆ ನಾಲ್ಕು ಶತಮಾನಗಳ ಹಿಂದೆಯೇ ಜನರ ಭಾಷೆಯಲ್ಲಿ ಧರ್ಮವನ್ನು ಕಲಿಸಬೇಕೆಂಬ ಎಚ್ಚರ ಇತ್ತು.

ಕೆನರಾದ ಕ್ರೈಸ್ತರ ಇತಿಹಾಸದಲ್ಲಿ ಇನ್ನೊಂದು ಪಾಠವೂ ಇದೆ. 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರು 1799ರ ತನಕ ಇಗರ್ಜಿ, ಧರ್ಮಗುರುಗಳ ಆಸರೆಯಿಲ್ಲದೆ ಬದುಕಿದರು. ಅಷ್ಟು ವರ್ಷ ಅವರ ವಿಶ್ವಾಸವನ್ನು ಉಳಿಸಿದ್ದು ಮನೆಮಂದಿಯ ಪ್ರಾರ್ಥನೆ. ಅನಂತರದ ತಲೆಮಾರುಗಳಲ್ಲೂ ಊರಿನ ಕ್ರಮ ಅದೇ ಆಗಿತ್ತು. ಸಂಜೆ ಆಮೊರಿಯ ಗಂಟೆ ಹೊಡೆಯಿತೆಂದರೆ ಮಕ್ಕಳು ಕೈಕಾಲು ತೊಳೆದು ದೇವರ ಪೀಠದ ಮುಂದೆ ಸೇರಬೇಕು, ತೇರ್ಸ್ ಹೇಳಬೇಕು, ಹಿರಿಯರ ಕೈಯಿಂದ ಆಶೀರ್ವಾದ ಪಡೆಯಬೇಕು. ಇಗರ್ಜಿಯಲ್ಲಿ ಕಲಿಸಿದ್ದು ತಲೆಗೆ ಹೋಗುತ್ತಿತ್ತು, ಮನೆಯಲ್ಲಿ ಅಜ್ಜಿ ಕಲಿಸಿದ್ದು ಎದೆಯಲ್ಲಿ ಉಳಿಯುತ್ತಿತ್ತು.

ಆ ಅಜ್ಜಿ ಮುಂಬಯಿಗೆ ಬರಲಿಲ್ಲ. ಬಂದರೂ ಅವಳ ಕೊಂಕಣಿ ಮೊಮ್ಮಕ್ಕಳಿಗೆ ಅರ್ಥವಾಗುವುದಿಲ್ಲ. ತಂದೆ ತಾಯಿ ಇಬ್ಬರೂ ದುಡಿಯುವ ಮನೆ, ಲೋಕಲ್ ರೈಲಿನಲ್ಲಿ ಕಳೆದುಹೋಗುವ ಸಂಜೆ, ಟ್ಯೂಶನ್ನು, ಟಿವಿ, ಮೊಬೈಲು. ಇವುಗಳ ನಡುವೆ ಏಳು ಗಂಟೆಯ ತೇರ್ಸ್ ಮೊದಲು ಹತ್ತಕ್ಕೆ ಹೋಯಿತು, ಆಮೇಲೆ ಭಾನುವಾರಕ್ಕೆ ಸೀಮಿತವಾಯಿತು, ಕೊನೆಗೆ ಸತ್ತವರ ಮನೆಯಲ್ಲಿ ಮಾತ್ರ ಉಳಿಯಿತು. ಎಲ್ಲ ಮನೆಗಳ ಕಥೆ ಇದಲ್ಲವಾದರೂ ಅನೇಕ ಮನೆಗಳ ಕಥೆ ಇದೇ ಎಂದರೆ ತಪ್ಪಾಗಲಾರದು.

ವಾರಕ್ಕೊಂದು ಗಂಟೆಯ ಲೆಕ್ಕ

ಪೋಪ್ 10ನೇ ಪಿಯುಸ್ 1905ರಲ್ಲೇ ಪ್ರತಿ ಭಾನುವಾರ ಒಂದು ಗಂಟೆ ಮಕ್ಕಳಿಗೆ ಧರ್ಮೋಪದೇಶ ಕಲಿಸಬೇಕೆಂದು ವಿಶ್ವದ ಎಲ್ಲ ಧರ್ಮಗುರುಗಳಿಗೆ ಆದೇಶಿಸಿದ್ದರು. ಅದೇ ಪತ್ರದಲ್ಲಿ ದೊಡ್ಡವರಿಗೂ ಪ್ರತ್ಯೇಕ ಬೋಧನೆ ಆಗಬೇಕೆಂದು ಹೇಳಿದ್ದರು. ಮೊದಲ ಅರ್ಧ ನಮ್ಮಲ್ಲಿ ಉಳಿಯಿತು, ಎರಡನೆಯ ಅರ್ಧ ಮರೆತುಹೋಯಿತು.

ಆ ಒಂದು ಗಂಟೆಯನ್ನೇ ಲೆಕ್ಕ ಹಾಕೋಣ. ಮಳೆಗಾಲದ ರಜೆ, ಪರೀಕ್ಷೆ, ದೀಪಾವಳಿ, ಕ್ರಿಸ್ಮಸ್, ಬೇಸಿಗೆಯ ಊರ ಪ್ರಯಾಣ ಕಳೆದು ವರ್ಷಕ್ಕೆ 35 ಭಾನುವಾರ ಎಂದು ಹಿಡಿದರೂ ಹತ್ತು ವರ್ಷಕ್ಕೆ 350 ಗಂಟೆ ಆಗುತ್ತದೆ. ದಿನಕ್ಕೊಂದು ಗಂಟೆಯಂತೆ ಲೆಕ್ಕ ಹಾಕಿದರೆ ಇದು ಒಂದು ವರ್ಷದ ಗಣಿತದ ಟ್ಯೂಶನಿಗೂ ಸಮವಾಗದು. ಅದರಲ್ಲೂ ಪ್ರಥಮ ಪರಮಪ್ರಸಾದ ಮತ್ತು ದೃಢೀಕರಣದ ವರ್ಷಗಳಲ್ಲಿ ತರಗತಿ ತುಂಬುತ್ತದೆ, ಉಳಿದ ವರ್ಷಗಳಲ್ಲಿ ಬೆಂಚುಗಳು ಖಾಲಿ. ಪ್ರೌಢಶಾಲೆಯ ಹಂತದಲ್ಲಿ ದೃಢೀಕರಣ ಮುಗಿದ ಮೇಲೆ ಹುಡುಗ ಹುಡುಗಿಯರು ಹತ್ತನೆಯ ತರಗತಿಯ ಕ್ಲಾಸಿಗೆ ಹೋಗುತ್ತಾರೆ. ಧರ್ಮಶಿಕ್ಷಣಕ್ಕೆ ಅವರು ಮತ್ತೆ ಸಿಗುವುದು ಮದುವೆಗೆ ಮುಂಚಿನ ಕೋರ್ಸಿನಲ್ಲಿ. ನಡುವಿನ ಹತ್ತು ಹದಿನೈದು ವರ್ಷ, ಅಂದರೆ ನಿಜವಾದ ಪ್ರಶ್ನೆಗಳು ಹುಟ್ಟುವ ವರ್ಷಗಳು, ಪೂರ್ತಿ ಬರಿದು.

ಕೆಥೋಲಿಕ್ ಶಾಲೆಗಳಿದ್ದರೂ ಹೀಗೇಕೆ ಎಂದು ಕೇಳುವವರಿದ್ದಾರೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅದು ನ್ಯಾಯವೇ. ಆದ್ದರಿಂದ ಶಾಲೆಯಲ್ಲಿ ಕೆಥೋಲಿಕ್ ಮಕ್ಕಳಿಗೆ ಧರ್ಮಪಾಠ, ಉಳಿದವರಿಗೆ ನೀತಿಪಾಠ ಎಂಬ ಕ್ರಮವಿದೆ. ಆದರೆ ಅಂಕಗಳಿಲ್ಲದ ಪಾಠಕ್ಕೆ ಮುಂಬಯಿಯ ಪೋಷಕರು ಎಷ್ಟು ಬೆಲೆ ಕೊಡುತ್ತಾರೆಂಬುದು ಎಲ್ಲರಿಗೂ ಗೊತ್ತು. 1983ರ ಧರ್ಮಸಭಾ ಕಾನೂನು ಸಂಹಿತೆಯ 774ನೇ ಕಲಮು ಮಕ್ಕಳಿಗೆ ಧರ್ಮ ಕಲಿಸುವ ಹೊಣೆ ಎಲ್ಲರಿಗಿಂತ ಮೊದಲು ತಂದೆ ತಾಯಿಯದ್ದು ಎಂದು ಸ್ಪಷ್ಟಪಡಿಸಿದೆ. ಇದನ್ನು ಓದಿದ ಪೋಷಕರು ಎಷ್ಟು ಮಂದಿ?

ಅರಿಯದೆ ಅನುಭವಿಸುವ ನೋವು

ಧರ್ಮಶಿಕ್ಷಣ ದುರ್ಬಲವಾದರೆ ನಷ್ಟವೇನು? ದೇವತಾಶಾಸ್ತ್ರದ ಸೂಕ್ಷ್ಮಗಳು ಎಲ್ಲರಿಗೂ ಬೇಕಿಲ್ಲ ನಿಜ. ಆದರೆ ಬದುಕಿನ ಕಷ್ಟದ ಹೊತ್ತಿನಲ್ಲಿ ತಪ್ಪು ತಿಳಿವಳಿಕೆ ಎಷ್ಟು ನೋವು ಕೊಡುತ್ತದೆ ಎಂಬುದಕ್ಕೆ ಮದುವೆಯ ವಿಷಯವೇ ಸಾಕ್ಷಿ.

ಗಂಡನಿಂದ ವಿಚ್ಛೇದನ ಪಡೆದ ಹೆಣ್ಣುಮಗಳು ತನಗಿನ್ನು ಪರಮಪ್ರಸಾದವಿಲ್ಲವೆಂದು ಭಾವಿಸಿ ವರ್ಷಗಟ್ಟಲೆ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುವುದುಂಟು. ವಾಸ್ತವದಲ್ಲಿ ಸಿವಿಲ್ ಕೋರ್ಟಿನ ವಿಚ್ಛೇದನ ಮಾತ್ರದಿಂದ, ಮರುಮದುವೆಯಾಗದ ವ್ಯಕ್ತಿಗೆ ಪರಮಪ್ರಸಾದ ನಿಷಿದ್ಧವಲ್ಲ. ತನ್ನ ತಪ್ಪಿಲ್ಲದೆ ವಿಚ್ಛೇದನಕ್ಕೆ ಗುರಿಯಾದವರು ನೀತಿಯನ್ನು ಮೀರಿದವರಲ್ಲ ಎಂದು 1992ರ ಕೆಥೋಲಿಕ್ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಈ ಒಂದು ವಾಕ್ಯವನ್ನು ಯಾರೂ ಆಕೆಗೆ ಹೇಳದೇ ಹೋದದ್ದು ಸಣ್ಣ ಸಂಗತಿಯಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಧರ್ಮಸಭೆಯ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದು ಸಾರಿದರೆ ಎಲ್ಲ ಮುಗಿಯಿತೆಂದು ಭಾವಿಸಿ ಮರುಮದುವೆಯಾಗುವವರು ದೇಶದ ಕಾನೂನಿನ ಮುಂದೆ ಸಿಕ್ಕಿಬೀಳುತ್ತಾರೆ. ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪಿಗೆ ಸಿವಿಲ್ ಮಾನ್ಯತೆ ಬೇಕೆಂದು ದಕ್ಷಿಣ ಕನ್ನಡ ಕೆಥೋಲಿಕ್ ಸಂಘಟನೆಯ ಮಾಜಿ ಅಧ್ಯಕ್ಷ, ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಿರಸ್ಕರಿಸಿತು. ಹೀಗಾಗಿ ಎರಡೂ ಬಾಗಿಲುಗಳನ್ನು ಬೇರೆ ಬೇರೆಯಾಗಿ ತಟ್ಟಬೇಕು. ಹಾಗೆಯೇ ಗಂಡನಿಗೆ ಒಂದು ನ್ಯಾಯ, ಹೆಂಡತಿಗೆ ಇನ್ನೊಂದು ನ್ಯಾಯ ಎಂಬಂತಿದ್ದ 1869ರ ವಿಚ್ಛೇದನ ಕಾಯಿದೆಯನ್ನು ಬಾಂಬೆ ಹೈಕೋರ್ಟಿನ ಪೂರ್ಣಪೀಠ 1997ರಲ್ಲಿ ಪ್ರಶ್ನಿಸಿ ಮಹಿಳೆಯ ಪರ ತೀರ್ಪು ನೀಡಿತು, ಸಂಸತ್ತು 2001ರಲ್ಲಿ ಕಾಯಿದೆಯನ್ನೇ ತಿದ್ದಿತು. ಇಂಥ ಮಾಹಿತಿ ನಮ್ಮ ಸಂಘಗಳ ಸಭೆಗಳಲ್ಲಿ ಎಷ್ಟು ಸಲ ಚರ್ಚೆಯಾಗಿದೆ?

ಅಂತರ್‌ಧರ್ಮೀಯ ವಿವಾಹದ ಮಾತು ಎಲ್ಲ ತುಳುಕನ್ನಡಿಗರಿಗೂ ಸಂಬಂಧಿಸಿದ್ದು. ಒಂದೇ ಚಾಳಿನಲ್ಲಿ, ಒಂದೇ ಕಾಲೇಜಿನಲ್ಲಿ ಬೆಳೆದ ಮಕ್ಕಳು ಪರಸ್ಪರ ಮೆಚ್ಚಿಕೊಳ್ಳುವುದು ಹೊಸತೇನಲ್ಲ. 'ಇಗರ್ಜಿಯಲ್ಲಿ ಮದುವೆಯಾಗಬೇಕಾದರೆ ಹುಡುಗ ಮತಾಂತರ ಆಗಲೇಬೇಕು' ಎಂಬ ನಂಬಿಕೆ ಎರಡೂ ಕಡೆ ಇದೆ. ಅದು ಸರಿಯಲ್ಲ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯೊಂದಿಗೆ ಇತರ ಧರ್ಮದವರು ತಮ್ಮ ಧರ್ಮದಲ್ಲಿದ್ದುಕೊಂಡೇ ಕೆಥೋಲಿಕರನ್ನು ಇಗರ್ಜಿಯಲ್ಲಿ ವಿವಾಹವಾಗಬಹುದು. ತನ್ನ ವಿಶ್ವಾಸವನ್ನು ಉಳಿಸಿಕೊಳ್ಳುತ್ತೇನೆ, ಮಕ್ಕಳನ್ನು ಕೆಥೋಲಿಕರಾಗಿ ಬೆಳೆಸಲು ನನ್ನಿಂದಾದಷ್ಟು ಪ್ರಯತ್ನಿಸುತ್ತೇನೆ ಎಂಬ ಮಾತು ಕೊಡಬೇಕಾದುದು ಕೆಥೋಲಿಕ್ ವ್ಯಕ್ತಿ. ಇನ್ನೊಬ್ಬರಿಗೆ ಆ ವಿಷಯ ತಿಳಿಸಿದರೆ ಸಾಕು. 1970ರಲ್ಲಿ ಪೋಪ್ 6ನೇ ಪೌಲ್ ಈ ಕ್ರಮ ತಂದರು. ತಿಳಿಯದ ಕಾರಣಕ್ಕೆ ಎಷ್ಟೋ ಜೋಡಿಗಳು ರಿಜಿಸ್ಟರ್ ಮದುವೆಯಾಗಿ ಇಗರ್ಜಿಯಿಂದ ದೂರವಾಗಿದ್ದಾರೆ, ಎಷ್ಟೋ ಮನೆಗಳಲ್ಲಿ ಮಾತು ನಿಂತಿದೆ.

ವಿಲೇಪಾರ್ಲೆಯ ಇರ್ಲಾದ ಘಟನೆಯನ್ನು ಇಲ್ಲಿ ನೆನಪಿಸಿಕೊಳ್ಳಬಹುದು. 2012ರ ಮಾರ್ಚ್‌ನಲ್ಲಿ ಅಲ್ಲಿನ ವೆಲಂಕಣಿ ಮಾತೆಯ ಇಗರ್ಜಿಯ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕತೊಡಗಿದಾಗ ಜನ ಗುಂಪುಗೂಡಿದರು. ವಿಚಾರವಾದಿ ಸನಲ್ ಇಡಮರುಕು ಸ್ಥಳ ಪರಿಶೀಲಿಸಿ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಮೂಲಕ ಏರಿ ಬರುತ್ತಿದೆ ಎಂದರು. ಅವರ ಮೇಲೆ ಧಾರ್ಮಿಕ ಭಾವನೆಗೆ ಧಕ್ಕೆಯ ದೂರುಗಳು ದಾಖಲಾದವು, ಅವರು ಅದೇ ವರ್ಷ ಫಿನ್‌ಲ್ಯಾಂಡಿಗೆ ತೆರಳಿದರು. ಟಿವಿ ಚರ್ಚೆಯಲ್ಲಿ ಧರ್ಮಸಭೆಯ ಬಗ್ಗೆ ಅವರಾಡಿದ ಮಾತುಗಳನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಆದರೆ ಇಂಥ ಪವಾಡಗಳನ್ನು ನಂಬಲೇಬೇಕೆಂಬ ಕಡ್ಡಾಯ ಕೆಥೋಲಿಕರಿಗೆ ಇಲ್ಲ, ಮೊದಲು ಸಹಜ ಕಾರಣವಿದೆಯೇ ಎಂದು ಪರೀಕ್ಷಿಸುವುದೇ ಧರ್ಮಸಭೆಯ ಪದ್ಧತಿ. ಇದು ಜನರಿಗೆ ಗೊತ್ತಿದ್ದಿದ್ದರೆ ಪೊಲೀಸ್ ಠಾಣೆಗಿಂತ ಮೊದಲು ಪ್ಲಂಬರನನ್ನು ಕರೆಯುತ್ತಿದ್ದರು.

ಒಪ್ಪದವರ ಮೌನ

ಇನ್ನು ಅರಿತು ಒಪ್ಪದವರ ಮಾತು. 1964ರ ಡಿಸೆಂಬರಿನಲ್ಲಿ ಪರಮಪ್ರಸಾದದ ಅಂತಾರಾಷ್ಟ್ರೀಯ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದ ಪೋಪ್ 6ನೇ ಪೌಲ್ ಅವರನ್ನು ಸರ್ವಧರ್ಮೀಯರು ಬೀದಿಯ ಇಕ್ಕೆಲಗಳಲ್ಲಿ ನಿಂತು ಸ್ವಾಗತಿಸಿದರು. ಅದೇ ಪೋಪ್ 1968ರ ಜುಲೈಯಲ್ಲಿ 'ಹುಮಾನೆ ವೀತೆ' ಪತ್ರ ಹೊರಡಿಸಿ ಕೃತಕ ಗರ್ಭನಿರೋಧ ಸಲ್ಲದು, ಸಹಜ ವಿಧಾನ ಮಾತ್ರ ಒಪ್ಪಿತ ಎಂದಾಗ ವಿಶ್ವದಾದ್ಯಂತ ಕೆಥೋಲಿಕರಲ್ಲೇ ದೊಡ್ಡ ಭಿನ್ನಮತ ಎದ್ದಿತು. 'ನಾವಿಬ್ಬರು ನಮಗಿಬ್ಬರು' ಎಂಬ ಸರಕಾರಿ ಗೋಡೆಬರಹದ ಕಾಲವದು. ನಮ್ಮವರು ಒಂದು ಕೋಣೆಯ ಮನೆಯಲ್ಲಿ ಆರು ಮಂದಿ ಮಲಗುತ್ತಿದ್ದ ಕಾಲವೂ ಹೌದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಕ್ರೈಸ್ತರ ಒಟ್ಟು ಫಲವತ್ತತೆಯ ದರ 1.88. ಹಿಂದೂಗಳದ್ದು 1.94. ಇದು ಎಲ್ಲ ಪಂಗಡಗಳ ಕ್ರೈಸ್ತರ ಅಂಕಿ, ವಿಧಾನ ಯಾವುದೆಂದು ಅದು ಹೇಳುವುದಿಲ್ಲ. ಆದರೂ ಚಿಕ್ಕ ಸಂಸಾರವೇ ವಾಡಿಕೆಯಾಗಿದೆ, ಪ್ರವಚನದಲ್ಲಿ ಈ ವಿಷಯ ಬರುವುದೂ ಅಪರೂಪ ಎಂಬುದು ಸುಳ್ಳಲ್ಲ. ಧರ್ಮಗುರುಗಳು ಹೇಳುವುದಿಲ್ಲ, ದಂಪತಿಗಳು ಕೇಳುವುದಿಲ್ಲ. ಮಾಹಿಮ್‌ನ ಸ್ನೇಹಾಲಯ ಕುಟುಂಬ ಸೇವಾ ಕೇಂದ್ರದಂಥ ಸಂಸ್ಥೆಗಳು ಮದುವೆಯ ಮುನ್ನ ತರಬೇತಿ ನೀಡುತ್ತವೆಯಾದರೂ ಕೆಲವು ಗಂಟೆಗಳ ಕೋರ್ಸು ಇಪ್ಪತ್ತು ವರ್ಷಗಳ ಮೌನವನ್ನು ತುಂಬಲಾರದು.

ಈ ಮೌನವನ್ನು ಮೊದಲು ಒಡೆದದ್ದು ರೋಮ್ ಎಂಬುದು ಗಮನಾರ್ಹ. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಕುಟುಂಬದ ಬಗೆಗಿನ ಸಿನೋದಿನ ಸಿದ್ಧತೆಗಾಗಿ 39 ಪ್ರಶ್ನೆಗಳನ್ನು ವಿಶ್ವದ ಧರ್ಮಪ್ರಾಂತಗಳಿಗೆ ಕಳುಹಿಸಲಾಯಿತು. 2014ರ ಜೂನ್‌ನಲ್ಲಿ ಹೊರಬಂದ ಕಾರ್ಯಪತ್ರ, ಕುಟುಂಬದ ಕುರಿತ ಧರ್ಮಸಭೆಯ ಬೋಧನೆ ಬಹುಪಾಲು ವಿಶ್ವಾಸಿಗಳಿಗೆ ಸರಿಯಾಗಿ ತಿಳಿದಿಲ್ಲವೆಂದು ಒಪ್ಪಿಕೊಂಡಿತು. ತಿಳಿದವರಲ್ಲೂ ಎಲ್ಲರೂ ಒಪ್ಪುತ್ತಿಲ್ಲವೆಂಬುದನ್ನೂ ಅದು ಮರೆಮಾಚಲಿಲ್ಲ.

ಅರಿತು ಪ್ರಶ್ನಿಸುವ ಪರಂಪರೆ ನಮ್ಮ ನಗರದಲ್ಲೂ ಇದೆ. ಮುಂಬಯಿಯ ವರ್ಜಿನಿಯಾ ಸಲ್ಡಾನಾ, ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕಿನ ವಿಜ್ಞಾನಿಯಾಗಿದ್ದ ಆಸ್ಟ್ರಿಡ್ ಲೋಬೊ ಗಜಿವಾಲಾ ಮುಂತಾದ ಮಹಿಳೆಯರು ಧರ್ಮಸಭೆಯಲ್ಲಿ ಸ್ತ್ರೀಯರ ಸ್ಥಾನದ ಬಗ್ಗೆ ದಶಕಗಳಿಂದ ಬರೆದಿದ್ದಾರೆ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2010ರಲ್ಲಿ ಲಿಂಗ ಸಮಾನತೆಯ ನೀತಿಯನ್ನು ಪ್ರಕಟಿಸಿದ್ದರ ಹಿಂದೆ ಇಂಥವರ ದುಡಿಮೆಯಿದೆ. ಇವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕಾಗಿಲ್ಲ. ಆದರೆ ಇವರಿಗೆ ಧರ್ಮಶಿಕ್ಷಣ ಕಡಿಮೆಯಾಗಿದೆ ಎಂದು ಹೇಳುವಂತಿಲ್ಲ. ತಮ್ಮ ಅಭಿಪ್ರಾಯವನ್ನು ಗೌರವದಿಂದ ಧರ್ಮಾಧಿಕಾರಿಗಳಿಗೆ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ವಿಶ್ವಾಸಿಗಳಿಗೆ ಇದೆ ಎಂದು ಸಂಹಿತೆಯ 212ನೇ ಕಲಮೇ ಹೇಳಿದೆ. ಅದೇ ಸಂಹಿತೆಯ 752ನೇ ಕಲಮು ಅಧಿಕೃತ ಬೋಧನೆಗೆ ಮನಃಪೂರ್ವಕ ಮನ್ನಣೆ ಇರಲಿ ಎಂದೂ ಹೇಳುತ್ತದೆ. ಈ ಎರಡರ ನಡುವಿನ ದಾರಿ ಕಿರಿದು, ಅದರಲ್ಲಿ ನಡೆಯಲು ಕಲಿಸುವುದೇ ದೊಡ್ಡವರ ಧರ್ಮಶಿಕ್ಷಣ.

ಹೆಸರಿಲ್ಲದ ಭಿನ್ನಮತ

ಭಿನ್ನಮತ ಎಂದಾಗ ಯುವಕರತ್ತ ಬೆರಳು ತೋರಿಸುವುದು ಸುಲಭ. ಆದರೆ ಮದುವೆ ಮಾತುಕತೆಯಲ್ಲಿ 'ಬಾಮುಣ್‌ಗಳೇ, ಚಾರೊಡಿಗಳೇ' ಎಂದು ಪಿಸುಗುಟ್ಟಿ ಕೇಳುವ ಹಿರಿಯರೂ ಧರ್ಮಸಭೆಯ ಬೋಧನೆಯನ್ನು ಧಿಕ್ಕರಿಸುತ್ತಿದ್ದಾರೆ. ಎಲ್ಲ ಬಗೆಯ ತಾರತಮ್ಯ ದೇವರ ಇಚ್ಛೆಗೆ ವಿರುದ್ಧ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತ್ತು. ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆ ಎಂದು ಭಾರತದ ಧರ್ಮಾಧ್ಯಕ್ಷರು 2016ರ ಡಿಸೆಂಬರಿನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡರು. ವರದಕ್ಷಿಣೆಯ ಲೆಕ್ಕಾಚಾರವೂ ಹಾಗೆಯೇ. ಮರಣದಂಡನೆ ಯಾವ ಸಂದರ್ಭದಲ್ಲೂ ಸಲ್ಲದೆಂದು 2018ರಲ್ಲಿ ಧರ್ಮೋಪದೇಶ ಗ್ರಂಥವನ್ನೇ ತಿದ್ದಲಾಯಿತು, ಆದರೆ ನಮ್ಮ ಮನೆಗಳಲ್ಲಿ ಗಲ್ಲಿಗೇರಿಸಿ ಎಂಬ ಕೂಗು ನಿಂತಿಲ್ಲ.

ಬೋಧನೆಯ ಸೂಕ್ಷ್ಮ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಮನ್ನು ಎತ್ತಿಹಿಡಿದಾಗ ಅಂದಿನ ಮುಂಬಯಿ ಆರ್ಚ್‌ಬಿಷಪ್ ಕಾರ್ಡಿನಲ್ ಓಸ್ವಲ್ಡ್ ಗ್ರೇಶಿಯಸ್, ಸಲಿಂಗ ವಿವಾಹಕ್ಕೆ ಧರ್ಮಸಭೆಯ ವಿರೋಧವಿದ್ದರೂ ಅಂಥವರನ್ನು ಅಪರಾಧಿಗಳೆಂದು ಕಾಣುವುದು ಸರಿಯಲ್ಲವೆಂದರು. ಪಾಪದ ಪ್ರಶ್ನೆ ಬೇರೆ, ಪೊಲೀಸರ ಪ್ರಶ್ನೆ ಬೇರೆ ಎಂಬ ಈ ವಿವೇಕ ಭಾನುವಾರದ ಒಂದು ಗಂಟೆಯಲ್ಲಿ ಹುಟ್ಟುವಂಥದ್ದಲ್ಲ.

ಕಲಿಸುವವರ ಮೇಲಿನ ನಂಬಿಕೆಯ ಮಾತನ್ನೂ ಬಿಡುವಂತಿಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳು ಜಗತ್ತಿನೆಲ್ಲೆಡೆ ಧರ್ಮಸಭೆಯ ತಲೆ ತಗ್ಗಿಸಿವೆ. 2019ರ ಫೆಬ್ರವರಿಯಲ್ಲಿ ವ್ಯಾಟಿಕನ್ನಿನಲ್ಲಿ ಈ ಬಗ್ಗೆ ಶೃಂಗಸಭೆ ನಡೆಯಿತು. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯಿದೆಯಂತೆ ತಿಳಿದವರು ದೂರು ಕೊಡಲೇಬೇಕು. ಬೋಧನೆ ಎಷ್ಟೇ ಉತ್ತಮವಿದ್ದರೂ ಬೋಧಕರ ನಡತೆ ಸರಿಯಿಲ್ಲವಾದರೆ ಯಾರೂ ಕಿವಿಗೊಡರು.

ಹೋಗುವವರು, ಉಳಿಯುವವರು

ಬುಧವಾರ ಮಾಹಿಮ್‌ನ ನೊವೆನಾಕ್ಕೆ, ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿಗೆ, ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಸೇರುವ ಜನಸಾಗರ ನೋಡಿದರೆ ಭಕ್ತಿಗೆ ಬರವಿಲ್ಲ. ಆದರೆ ಭಕ್ತಿಯೇ ಅರಿವಲ್ಲ. ನೊವೆನಾ ತಪ್ಪಿಸದ ಮನೆಯಿಂದಲೇ ಮಗನೋ ಮಗಳೋ ಒಂದು ದಿನ 'ಬಿಲೀವರ್ಸ್' ಪ್ರಾರ್ಥನಾ ಕೂಟಕ್ಕೆ ಹೋಗಿ ಬಿಡುತ್ತಾರೆ. ಹೋದವರು ಸಾಮಾನ್ಯವಾಗಿ ಹೇಳುವ ಕಾರಣ, ನಮಗೆ ಬೈಬಲ್ ಯಾರೂ ಕಲಿಸಿಕೊಡಲಿಲ್ಲ ಎಂಬುದು. ಇನ್ನು ಕೆಲವರು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಜಗಳವಾಡುವವನಿಗೆ ಮನೆಯ ಮೇಲೆ ಪ್ರೀತಿಯಿರುತ್ತದೆ. ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೋಗುವವನ ಬಗ್ಗೆಯೇ ಹೆಚ್ಚು ಚಿಂತಿಸಬೇಕು.

ಪೋಪ್ ಫ್ರಾನ್ಸಿಸ್ 2021ರ ಮೇ ತಿಂಗಳಲ್ಲಿ ಧರ್ಮಶಿಕ್ಷಕರ ಸೇವೆಗೆ ಅಧಿಕೃತ ಸ್ಥಾನ ನೀಡಿದರು. ಜನಸಾಮಾನ್ಯರಾದ ಸ್ತ್ರೀ ಪುರುಷರನ್ನು ತರಬೇತಿಗೊಳಿಸಿ ಧರ್ಮಾಧ್ಯಕ್ಷರೇ ನೇಮಿಸುವ ಕ್ರಮವಿದು. ಮುಂಬಯಿಯಲ್ಲಿ 1980ರ ದಶಕದಿಂದ ಬೆಳೆದುಬಂದ ಕಿರು ಕ್ರೈಸ್ತ ಸಮುದಾಯಗಳ ಮನೆಸಭೆಗಳೂ ಒಳ್ಳೆಯ ವೇದಿಕೆಯೇ. ಅಲ್ಲಿ ತೇರ್ಸ್, ತಿಂಡಿಯ ಜೊತೆಗೆ ಅರ್ಧ ಗಂಟೆ ಮುಕ್ತ ಪ್ರಶ್ನೋತ್ತರಕ್ಕೂ ಅವಕಾಶವಾಗಲಿ.

ಇಲ್ಲಿ ನಮ್ಮ ಸಂಘ ಸಂಸ್ಥೆಗಳ ಪಾತ್ರವೂ ಇದೆ. ಇಗರ್ಜಿಗಳ ಕೊಂಕಣಿ ಸಂಘಟನೆಗಳು ಮೊಂತಿ ಫೆಸ್ತ್, ನಾಟಕ, ಸಂಗೀತ ಸಂಜೆಗಳನ್ನು ಸೊಗಸಾಗಿ ನಡೆಸುತ್ತವೆ. ವರ್ಷಕ್ಕೆ ನಾಲ್ಕು ಸಲವಾದರೂ ಮದುವೆ ಕಾನೂನು, ಅಂತರ್‌ಧರ್ಮೀಯ ವಿವಾಹ, ಮಕ್ಕಳ ಸುರಕ್ಷೆ, ಬೈಬಲ್ ಅಧ್ಯಯನ ಇಂಥ ವಿಷಯಗಳ ಮೇಲೆ ವಕೀಲರನ್ನೂ ಧರ್ಮಗುರುಗಳನ್ನೂ ಒಂದೇ ವೇದಿಕೆಗೆ ಕರೆತಂದು ಕೇಳುವವರಿಗೆ ಮಾತಿನ ಅವಕಾಶ ಕೊಡಬಹುದು. ಇದು ಕ್ರೈಸ್ತರ ಮನೆಯ ಮಾತು ಮಾತ್ರವೂ ಅಲ್ಲ. ಭಜನೆಯ ಸಾಲುಗಳನ್ನು ಅರ್ಥ ತಿಳಿಯದೆ ಹಾಡುವ ಮಕ್ಕಳು, ನೇಮ ಕೋಲಕ್ಕೆ ಊರಿಗೆ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆದು ಬರುವ ಮಕ್ಕಳು ಬಂಟರ, ಬಿಲ್ಲವರ, ಮೊಗವೀರರ ಮನೆಗಳಲ್ಲೂ ಇದ್ದಾರೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮೇಲೆ ಬಂದ ಸಮಾಜ ನಮ್ಮದು. ದುಡಿಯುವ ಮನುಷ್ಯನಿಗೆ, ವಯಸ್ಸು ದಾಟಿದವನಿಗೆ ವಿದ್ಯೆ ಹತ್ತುವುದಿಲ್ಲ ಎಂಬ ಮಾತನ್ನು ಮುಂಬಯಿಯ ಕನ್ನಡಿಗರು ಎಂದೋ ಸುಳ್ಳಾಗಿಸಿದ್ದಾರೆ. ಧರ್ಮದ ವಿಷಯದಲ್ಲೂ ಬೇಕಾದುದು ಅಂಥದೇ ಒಂದು ರಾತ್ರಿಶಾಲೆ. ಒಪ್ಪುವವರೂ ಒಪ್ಪದವರೂ ಒಟ್ಟಿಗೆ ಕುಳಿತು ಓದುವಂಥದ್ದು. ಮಕ್ಕಳನ್ನು ಭಾನುವಾರ ಇಗರ್ಜಿಯ ಗೇಟಿನಲ್ಲಿ ಬಿಟ್ಟು ಹೊರಗೆ ಕಾಯುವ ತಂದೆ ತಾಯಿ ಒಂದು ಗಂಟೆ ಒಳಗೆ ಬಂದು ಕುಳಿತರೂ ಆ ಶಾಲೆ ಆರಂಭವಾದಂತೆಯೇ.